ವೇದಕ್ಕ ಕಲಿಸಿದ ಇಂಗ್ಲಿಷು

ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂದು ಯಾರ ಹಣೆಯ ಮೇಲೂ ಬರೆದಿರುವುದಿಲ್ಲ ನೋಡಿ. ಬರೆದಿದ್ದರೂ ಡೊಂಬಿವಲಿಯ ಬೆಳಗಿನ ಲೋಕಲ್ಲಿನಲ್ಲಿ ನಿಂತು ಅದನ್ನು ಓದುವಷ್ಟು ಜಾಗ ಎಲ್ಲಿದೆ ಹೇಳಿ? ಮೂಗಿನ ತುದಿಗೆ ಒಬ್ಬಳ ಜಡೆ, ಪಕ್ಕೆಲುಬಿಗೆ ಇನ್ನೊಬ್ಬಳ ಬುತ್ತಿ. ಅಂಥ ಲೇಡೀಸ್ ಡಬ್ಬದಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದುಕೊಂಡು ರಮಿತಾ ಇಂಗ್ಲಿಷ್ ಕಲಿತಳು. ಕಲಿಸಿದವಳು ವೇದಾವತಿ. ರಮಿತಾಳ ಬಾಯಲ್ಲಿ ಅವಳು ಯಾವಾಗಲೂ ವೇದಕ್ಕ.

ಇಬ್ಬರೂ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಬಂದರಿಗೆ ಹೋಗುವ ಸರಕಿಗೆ ಕಾಗದಪತ್ರ ಮಾಡಿಕೊಡುವ ಒಂದು ಕಂಪನಿಯಲ್ಲಿ ಎದುರುಬದುರು ಕೂತು ಕೆಲಸ ಮಾಡುವವರು. ವೇದಕ್ಕ ಉಡುಪಿ ಕಡೆಯವಳು, ಗಂಡ ಮಧ್ವರಾಜ ಡೊಂಬಿವಲಿಯಲ್ಲೇ ಒಂದು ವೆಜ್ ಹೋಟೆಲಿನಲ್ಲಿ ಪಾಲುದಾರ. ವೇದಕ್ಕ ಕಾಲೇಜು ಓದಿದ್ದು ಇಲ್ಲೇ, ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ರಮಿತಾ ಕಾರ್ಕಳದ ಹತ್ತಿರದ ಊರಿನಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಪಿಯುಸಿ ಮುಗಿಸಿ, ಲತೇಶನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬರೆಯಲೂ ಬರುತ್ತಿತ್ತು. ಬಾಯಿ ತೆರೆದರೆ ಮಾತ್ರ ಮುಗಿಯಿತು, ನಾಲಿಗೆ ಅಂಗುಳಿಗೆ ಅಂಟಿಕೊಂಡುಬಿಡುತ್ತಿತ್ತು. ಜಾತಿಗೊಂದು ತುಳು; ವೇದಕ್ಕನ ಮನೆಯದು ಬೇರೆ, ರಮಿತಾಳ ಮನೆಯದು ಬೇರೆ. ಹಾಗಾಗಿ ಇಬ್ಬರೂ ತಮ್ಮೊಳಗೆ ಕನ್ನಡದಲ್ಲೇ ಮಾತಾಡುತ್ತಿದ್ದರು.

ಫಾಸ್ಟ್ ಹಿಡಿದರೆ ಬೇಗ ಠಾಣೆ ಮುಟ್ಟಬಹುದಿತ್ತು. ಆದರೆ ಫಾಸ್ಟ್ ಗಾಡಿ ಪಾರಸಿಕ್ ಸುರಂಗಕ್ಕೆ ನುಗ್ಗಿತೆಂದರೆ ಪಕ್ಕದವಳು ಕಿರುಚಿದರೂ ಕೇಳಿಸುವುದಿಲ್ಲ. ಪಾಠಕ್ಕೋಸ್ಕರ ಇಬ್ಬರೂ ಸ್ಲೋ ಹಿಡಿಯತೊಡಗಿದರು. ದಿವಾ, ಮುಂಬ್ರಾ, ಕಲ್ವಾ ಎಂದು ಗಾಡಿ ತೆವಳುವಷ್ಟು ಹೊತ್ತು ವೇದಕ್ಕನ ಕ್ಲಾಸು.

"ನೋಡು ರಮಿತಾ, ನಾವು ಹೋಗ್ಲಿಕ್ಕೆ, ತಿನ್ಲಿಕ್ಕೆ ಅಂತ ಹೇಳ್ತೇವಲ್ಲ, ಆ 'ಲಿಕ್ಕೆ' ಉಂಟಲ್ಲ, ಅದನ್ನು ಅವರು ಮುಂದೆ ತಂದು ಇಡ್ತಾರೆ. ಟು ಗೋ. ಟು ಈಟ್. ನಮ್ಮದು ಬಾಲಕ್ಕೆ, ಅವರದ್ದು ತಲೆಗೆ. ಅಷ್ಟೇ ವ್ಯತ್ಯಾಸ."

"ಅಷ್ಟೇಯಾ?"

"ಅಷ್ಟೇ ಮಾರಾಯ್ತಿ. ಅದರ ಮುಂದೆ ಒಂದು ಕ್ರಿಯಾಪದ ಕೂರಿಸು. ಐ ವಾಂಟ್ ಟು ಗೋ. ಐ ಟ್ರೈ ಟು ಗೋ. ಐ ಫರ್ಗಾಟ್ ಟು ಗೋ. ಬೇಕು, ಪ್ರಯತ್ನ ಮಾಡಿದೆ, ಮರ್ತುಹೋಯ್ತು. ಮನುಷ್ಯರ ಜೀವನ ಪೂರಾ ಇಷ್ಟರಲ್ಲೇ ಉಂಟು."

ಆಮೇಲೆ ಕ್ರಿಯಾವಿಶೇಷಣ. ಅದು ಒಗ್ಗರಣೆ ಇದ್ದಂತೆ, ಯಾವಾಗ ಬೇಕಾದರೂ ಹಾಕಲಿಕ್ಕೆ ಆಗುವುದಿಲ್ಲ, ಒಂದೊಂದಕ್ಕೆ ಒಂದೊಂದು ಹೊತ್ತು ಎಂದು ವೇದಕ್ಕ ಹೇಳಿಕೊಟ್ಟಳು. ಆಲ್ವೇಸ್ ಬಂದರೆ ಕ್ರಿಯಾಪದಕ್ಕಿಂತ ಮೊದಲೇ ಬರಬೇಕು, ಅರ್ಲಿ ಕೊನೆಗೆ. ಐ ಆಲ್ವೇಸ್ ಟ್ರೈ ಟು ಕಮ್ ಅರ್ಲಿ. ರಮಿತಾ ಮೊದಮೊದಲು ಎಲ್ಲವನ್ನೂ ಕಲಸಿ ಐ ವಾಂಟ್ ಆಲ್ವೇಸ್ ಟು ಅರ್ಲಿ ಕಮ್ ಎನ್ನುತ್ತಿದ್ದಳು. ವೇದಕ್ಕ ನಗುತ್ತಿದ್ದಳು. ಆದರೆ ನಾಲ್ಕು ಜನ ನೋಡುವಂತೆ ಒಮ್ಮೆಯೂ ನಗಲಿಲ್ಲ. ಬಗ್ಗಿ ಕಿವಿಯಲ್ಲಿ ತಿದ್ದುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಕಲಿಸುವ ಕೈಗುಣ ಅವಳಿಗೆ ಇತ್ತು.

ದಿನ ಕಳೆದಂತೆ ಗಾಡಿಯಲ್ಲಿ ಕಂಡದ್ದೆಲ್ಲ ವಾಕ್ಯವಾಯಿತು. ದಿವಾದಲ್ಲಿ ಇಳಿಯಲು ಒದ್ದಾಡುವ ಹೆಂಗಸು: ಶಿ ಈಸ್ ಟ್ರೈಯಿಂಗ್ ಟು ಗೆಟ್ ಡೌನ್ ಕ್ವಿಕ್ಲಿ. ಕಾಲು ತುಳಿದು ಸಾರಿ ಎನ್ನದೆ ನಿಂತವಳು: ಶಿ ಕಂಪ್ಲೀಟ್ಲಿ ಫರ್ಗಾಟ್ ಟು ಸೇ ಸಾರಿ. ಅದನ್ನು ರಮಿತಾ ಸ್ವಲ್ಪ ಜೋರಾಗಿ ಹೇಳಿಬಿಟ್ಟು, ಆ ಹೆಂಗಸು ತಿರುಗಿ ನೋಡಿ, ಇಬ್ಬರೂ ಠಾಣೆ ಬರುವವರೆಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದುಂಟು. ಆಫೀಸಿನಲ್ಲಿ ಫೋನು ಬಂದರೆ ಓಡಿಹೋಗಿ ಫೈಲಿನ ಹಿಂದೆ ಅಡಗುತ್ತಿದ್ದವಳು ಈಗ ತಾನೇ ಎತ್ತಿ ಮಾತಾಡತೊಡಗಿದಳು.

ಋಣ ತೀರಿಸುವುದು ಹೇಗೆಂದು ರಮಿತಾಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಶನಿವಾರ ಶನಿವಾರ ಪತ್ರೊಡೆಯೋ, ಬಾಳೆಹಣ್ಣಿನ ಬನ್ಸೋ ಮಾಡಿ ತರುತ್ತಿದ್ದಳು. ವೇದಕ್ಕ "ಎಂತಕ್ಕೆ ಇದೆಲ್ಲ" ಎನ್ನುತ್ತಲೇ ತೆಗೆದುಕೊಂಡು ಚೀಲಕ್ಕೆ ಹಾಕುತ್ತಿದ್ದಳು. ತಿಂದದ್ದನ್ನು ಮಾತ್ರ ರಮಿತಾ ಕಂಡವಳಲ್ಲ. ಮನೆಯಲ್ಲಿ ತಿನ್ನುತ್ತಾರೆ ಎಂದುಕೊಂಡಿದ್ದಳು.

ಹೀಗೆ ಎರಡು ವರ್ಷ ನಡೆದ ಮೇಲೆ, ಎರಡು ಸಾವಿರದ ಹನ್ನೊಂದರ ದೀಪಾವಳಿ ಕಳೆದ ವಾರ, ಆಫೀಸಿನ ಮ್ಯಾನೇಜರ್ ಗುಪ್ತೆ ಸರ್ ಎಲ್ಲರನ್ನೂ ಕರೆದು ಸುದ್ದಿ ಒಡೆದರು. ಮಾರ್ಚಿಗೆ ಠಾಣೆ ಆಫೀಸು ಬಂದ್. ಕೆಲಸವೆಲ್ಲ ನವಿಮುಂಬಯಿಯ ಮಹಾಪೆಗೆ. ಕಾಗದಪತ್ರದ ವಿಭಾಗದಿಂದ ಒಬ್ಬರು ಮಾತ್ರ ಅಲ್ಲಿಗೆ ಹೋಗುತ್ತಾರೆ, ಕೋಆರ್ಡಿನೇಟರ್ ಆಗಿ, ಪರ್ಮನೆಂಟ್. ಉಳಿದವರಿಗೆಲ್ಲ ಕೈಮುಗಿದು ನಮಸ್ಕಾರ. ದೆಹಲಿಯ ಹೆಡ್ ಆಫೀಸಿನಿಂದ ಬತ್ರಾ ಮೇಡಂ ಬಂದು ಒಬ್ಬೊಬ್ಬರನ್ನೇ ಕರೆದು ಇಂಗ್ಲಿಷಿನಲ್ಲಿ ಮಾತಾಡಿಸಿ ತೀರ್ಮಾನ ಮಾಡುತ್ತಾರೆ.

ರಮಿತಾಳ ಗಂಡ ಲತೇಶ್ ಕಲ್ಯಾಣ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವವನು. ಆ ಹಳೆಯ ಕಟ್ಟಡವನ್ನು ಕೆಡವಿ ಟವರ್ ಎಬ್ಬಿಸುವವರು ಆಗಲೇ ಬಂದು ಅಳತೆ ಮಾಡಿ ಹೋಗಿದ್ದರು. ಧಣಿ ಇವತ್ತು ಬಾಗಿಲು ಹಾಕುತ್ತಾರೋ ನಾಳೆಯೋ ಎಂಬಂತಿತ್ತು. ಮಗಳು ಶ್ರದ್ಧಾ ಮೂರನೇ ಕ್ಲಾಸು. ಈ ಒಂದು ಕೆಲಸ ಉಳಿದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದರಲ್ಲಿ ಬಿಡಿಸಿ ಹೇಳುವಂಥದ್ದು ಏನೂ ಇರಲಿಲ್ಲ.

ಮರುದಿನ ಗಾಡಿಯಲ್ಲಿ ರಮಿತಾ ಪಾಠಕ್ಕೆ ಮೊದಲೇ ಬಾಯಿಬಿಟ್ಟಳು. "ವೇದಕ್ಕ, ನನಗೆ ಆ ಕೆಲಸ ಬೇಕು. ಬೇಕೇ ಬೇಕು. ಆದ್ರೆ ನೀವೂ ಉಂಟಲ್ಲ. ನೀವು ನನಗಿಂತ ದೊಡ್ಡವರು. ನೀವೂ ಅದಕ್ಕೆ ನಿಲ್ಲುದಾದ್ರೆ ನಾನು ಹೆಚ್ಚು ಆಸೆ ಇಟ್ಕೊಳ್ಳುದಿಲ್ಲ, ಈಗಲೇ ಹೇಳಿಬಿಡಿ."

"ನನಗಾ? ಒಳ್ಳೆ ಕಥೆ! ನಮ್ಮವರು ಖಾರ್ಘರ್‌ನಲ್ಲಿ ಹೊಸ ಹೋಟೆಲು ಹಾಕ್ತಾರೆ, ಗೊತ್ತುಂಟಲ್ಲ. ನಾನು ಅಲ್ಲಿ ಗಲ್ಲಾದಲ್ಲಿ ಕೂತ್ರೆ ಸಾಕಾಗ್ತದೆ. ನೀನು ಆಗು. ನಿನ್ನನ್ನು ಆ ಕುರ್ಚಿಯಲ್ಲಿ ಕೂರಿಸುದು ನನ್ನ ಜವಾಬ್ದಾರಿ. ಆಯ್ತಾ?"

ರಮಿತಾಳ ಕಣ್ಣು ತುಂಬಿಬಂತು. ಸ್ವಂತ ಅಕ್ಕ ಇದ್ದಿದ್ದರೂ ಇಷ್ಟು ಹೇಳುತ್ತಿದ್ದಳೋ ಇಲ್ಲವೋ ಎಂದು ಅವಳಿಗೆ ಅನ್ನಿಸಿತು. ಅವತ್ತಿನಿಂದ ದಿನವೂ, ಕೆಲವೊಮ್ಮೆ ಡೊಂಬಿವಲಿಯಲ್ಲಿ ಹತ್ತುವಾಗಲೇ, "ಬೇಕು ವೇದಕ್ಕ, ಹೇಗಾದರೂ ಮಾಡಿ ಸಿಗಬೇಕು" ಎಂದು ಹೇಳದೆ ಅವಳಿಗೆ ಸಮಾಧಾನವಿರಲಿಲ್ಲ. ಲತೇಶನ ಹತ್ತಿರ ಕೂಡ ಅಷ್ಟು ಹೇಳಿರಲಿಲ್ಲ. ಅವನು ಮೊದಲೇ ಚಿಂತೆಯಲ್ಲಿ ಒಣಗಿದ್ದ, ಇನ್ನೂ ಯಾಕೆ ಎಂದು.

ಈಗ ವೇದಕ್ಕನ ಪಾಠದ ದಾರಿ ಬದಲಾಯಿತು. ಬತ್ರಾ ಮೇಡಂ ಏನು ಕೇಳುತ್ತಾರೆ, ಅದಕ್ಕೇನು ಉತ್ತರ ಎಂದು ಒಂದೊಂದೇ ವಾಕ್ಯ ಹೇಳಿಕೊಟ್ಟಳು. ಐ ಚೆಕ್ ಎವ್ರಿ ಬಿಲ್ ಕೇರ್‌ಫುಲಿ. ಐ ನೆವರ್ ಫರ್ಗೆಟ್ ಟು ಕಾಲ್ ದ ಡ್ರೈವರ್. ಇವೆಲ್ಲ ಸರಿಯೇ. ಆಮೇಲೆ ಮುಖ್ಯವಾದದ್ದು ಬಂತು.

"ಈ ಕುರ್ಚಿ ನಿನಗೆ ಬೇಕಾ ಅಂತ ಕೇಳ್ತಾರೆ. ಆಗ ಎಂತ ಹೇಳ್ತೀ?"

"ಯೆಸ್ ಮೇಡಂ, ಐ ವಾಂಟ್..."

"ಥೂ! ಅಲ್ಲೇ ತಪ್ಪುದು ನೀನು." ವೇದಕ್ಕ ತಲೆ ಚಚ್ಚಿಕೊಂಡಳು. "ದೊಡ್ಡವರ ಎದುರು ನನಗೆ ಬೇಕು ಅಂತ ಕೈ ಚಾಚುದಾ? ಊಟದ ಪಂಕ್ತಿಯಲ್ಲಿ ಕೂತು ಇನ್ನೊಂದು ಹೋಳಿಗೆ ಹಾಕಿ ಅಂತ ನೀನೇ ಕೇಳ್ತೀಯಾ? ಇಲ್ಲಲ್ಲ. ಬೇಡ ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿತೀ. ಬಡಿಸುವವರು ಒತ್ತಾಯ ಮಾಡ್ತಾರೆ. ಎರಡು ಸಲ ಬೇಡ, ಮೂರನೆಯ ಸಲಕ್ಕೆ ಕೈ ತೆಗಿತೀ. ಹಾಗೆ ಹಾಕಿಸಿಕೊಂಡ ಹೋಳಿಗೆಗೆ ಮರ್ಯಾದೆ ಉಂಟು. ಇದೂ ಹಾಗೆಯೇ. ಹೆಡ್ ಆಫೀಸಿನವರು ಅದನ್ನೇ ನೋಡುದು, ಆಸೆಬುರುಕಿಯಾ, ಗಂಭೀರದವಳಾ ಅಂತ."

ನಗಬೇಡಿ. ಇಂಗ್ಲಿಷ್ ಬಲ್ಲವರಿಗೆ ನಗು ಬರಬಹುದು. ಆದರೆ ರಮಿತಾ ಹುಟ್ಟಿ ಬೆಳೆದ ಮನೆಯಲ್ಲಿ, ಕಂಡ ಕಂಡ ಮದುವೆಯಲ್ಲಿ, ಸತ್ತವರ ಬೊಜ್ಜದಲ್ಲಿ, ಬೇಕೆಂದು ಬಾಯಿಬಿಟ್ಟು ಕೇಳಿದವರನ್ನು ಜನ ಆಡಿಕೊಂಡದ್ದನ್ನೇ ಅವಳು ನೋಡಿದ್ದು. ಅವಳ ಅಪ್ಪ ಚನಿಯ, ದುಡಿಯುವ ಮನೆಯ ಯಜಮಾನರು ವರ್ಷಕ್ಕೊಮ್ಮೆ ಹೊಸ ಪಂಚೆ ಕೊಡುವಾಗಲೂ "ಎಂತಕ್ಕೆ ಧಣಿ, ಇರುದು ಸಾಕು" ಎಂದು ಕೈ ಹಿಂದಕ್ಕೆ ಎಳೆದುಕೊಂಡು, ಅವರು ಗದರಿದ ಮೇಲೆಯೇ ತೆಗೆದುಕೊಳ್ಳುತ್ತಿದ್ದವನು. ಉಟ್ಟಿದ್ದ ಪಂಚೆ ಹರಿದು ಜೂಲಾಗಿದ್ದರೂ ಅಷ್ಟೇ. ಬೇಡ ಎನ್ನುವುದು ಬೇಕು ಎನ್ನುವುದರ ಮೊದಲ ಮೆಟ್ಟಿಲು ಎಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ವೇದಕ್ಕನಿಗೂ ಅದು ಚೆನ್ನಾಗಿ ಗೊತ್ತಿತ್ತು, ಅವಳೂ ಅಂಥದ್ದೇ ಪಂಕ್ತಿಗಳಲ್ಲಿ ಉಂಡು ಬೆಳೆದವಳಲ್ಲವೇ.

ಹಾಗಾಗಿ ರಮಿತಾ ಬಾಯಿಪಾಠ ಮಾಡಿದಳು. ಐ ಡೋಂಟ್ ಎಕ್ಸ್‌ಪೆಕ್ಟ್ ಟು ಬಿಕಮ್ ಕೋಆರ್ಡಿನೇಟರ್. ಐ ಆಮ್ ಪರ್ಫೆಕ್ಟ್ಲಿ ಹ್ಯಾಪಿ ಟು ವರ್ಕ್ ಅಂಡರ್ ಸಮ್‌ಒನ್ ಎಲ್ಸ್. ಎರಡನೆಯ ಸಲ ಕೇಳಿದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ: ಆನೆಸ್ಟ್ಲಿ, ಐ ಡೋಂಟ್ ವಾಂಟ್ ಟು ಟೇಕ್ ಇಟ್. ಮೂರನೆಯ ಸಲಕ್ಕೆ ತಲೆ ತಗ್ಗಿಸಿ: ಇಫ್ ಯು ಇನ್ಸಿಸ್ಟ್, ಐ ಆಮ್ ರೆಡಿ ಟು ಟ್ರೈ. ಮನೆಯಲ್ಲಿ ಚಪಾತಿ ಲಟ್ಟಿಸುತ್ತ ಅದನ್ನೇ ಗುನುಗುತ್ತಿದ್ದಾಗ ಶ್ರದ್ಧಾ ಹೋಂವರ್ಕಿನಿಂದ ತಲೆಯೆತ್ತಿದಳು. ಆ ಹುಡುಗಿಗೆ ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಮಮ್ಮೀ, ಆಪ್ ಕೋ ಜಾಬ್ ನಹೀ ಚಾಹಿಯೇ ಕ್ಯಾ?"

"ಬೇಕು ಮಗಾ."

"ಫಿರ್ ಡೋಂಟ್ ವಾಂಟ್ ಕ್ಯೋಂ ಬೋಲ್ ರಹೀ ಹೋ?"

"ಅದು ದೊಡ್ಡವರ ಮಾತು. ನಿನಗೆ ಗೊತ್ತಾಗುದಿಲ್ಲ, ಬರಿ ನೀನು," ಎಂದು ರಮಿತಾ ಗದರಿ ಕೂರಿಸಿದಳು.

ಬತ್ರಾ ಮೇಡಂ ಬಂದ ದಿನ ರಮಿತಾ ಕನಕಾಂಬರ ಬಣ್ಣದ ಸೀರೆ ಉಟ್ಟು ಹೋದಳು. ಗುಪ್ತೆ ಸರ್ ಪಕ್ಕದಲ್ಲಿ ಕೂತಿದ್ದರು. ಮೇಡಂ ಒಳ್ಳೆಯ ಹೆಂಗಸು, ಮಾತು ನಿಧಾನ, ಮುಖದಲ್ಲಿ ನಗು. ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ರಮಿತಾ ತಡವರಿಸದೆ ಉತ್ತರಿಸಿದಳು. ಕೇರ್‌ಫುಲಿ ಕೇರ್‌ಫುಲಿಯ ಜಾಗದಲ್ಲಿ ಬಂತು, ಆಲ್ವೇಸ್ ಆಲ್ವೇಸಿನ ಜಾಗದಲ್ಲಿ. ಮೇಡಂ ಗುಪ್ತೆ ಸರ್ ಕಡೆ ನೋಡಿ ಹುಬ್ಬೇರಿಸಿದ್ದನ್ನು ಕಂಡು ಅವಳಿಗೆ ಒಳಗೊಳಗೇ ಕುಣಿಯಬೇಕೆನ್ನಿಸಿತು.

ಮಹಾಪೆಯಲ್ಲಿ ಈ ವಿಭಾಗವನ್ನು ನಡೆಸಲು ನಿಮಗೆ ಇಷ್ಟವೇ ಎಂದು ಮೇಡಂ ಕೇಳಿದರು.

"ನೋ ಮೇಡಂ," ಎಂದಳು ರಮಿತಾ, ಕಲಿಸಿದ ಹಾಗೆಯೇ ಕಣ್ಣು ತಗ್ಗಿಸಿ. "ಐ ಡೋಂಟ್ ಎಕ್ಸ್‌ಪೆಕ್ಟ್ ಟು ಬಿಕಮ್ ಕೋಆರ್ಡಿನೇಟರ್. ಐ ಆಮ್ ಪರ್ಫೆಕ್ಟ್ಲಿ ಹ್ಯಾಪಿ ಟು ವರ್ಕ್ ಅಂಡರ್ ಸಮ್‌ಒನ್ ಎಲ್ಸ್."

ಮೇಡಂ ಪೆನ್ನು ಕೆಳಗಿಟ್ಟರು. "ಆರ್ ಯು ಶ್ಯೂರ್, ರಮಿತಾ?"

"ಆನೆಸ್ಟ್ಲಿ ಮೇಡಂ, ಐ ಡೋಂಟ್ ವಾಂಟ್ ಟು ಟೇಕ್ ಇಟ್."

ಇನ್ನು ಮೂರನೆಯದು. ಇಫ್ ಯು ಇನ್ಸಿಸ್ಟ್ ಎಂಬುದು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಮೇಡಂ ಬಾಯಿ ತೆರೆದರು, ಆದರೆ ಗುಪ್ತೆ ಸರ್ ಬೇಡವೆಂಬಂತೆ ಮೆಲ್ಲಗೆ ತಲೆಯಾಡಿಸಿದ್ದನ್ನು ಕಂಡು ಸುಮ್ಮನಾದರು. "ಥ್ಯಾಂಕ್ ಯು. ಯು ಸ್ಪೀಕ್ ವೆರಿ ವೆಲ್," ಎಂದು ಕೈ ಕುಲುಕಿ ಕಳಿಸಿಕೊಟ್ಟರು.

ಹೊರಗೆ ವೇದಕ್ಕ ಕಾಯುತ್ತಿದ್ದಳು. "ಎಷ್ಟು ಸಲ ಕೇಳಿದ್ರು?"

"ಎರಡೇ ಸಲ ವೇದಕ್ಕ. ಮೂರನೆಯದು ಕೇಳ್ಲೇ ಇಲ್ಲ."

"ಮೂರನೆಯದು ಕಾಗದದಲ್ಲಿ ಬರ್ತದೆ. ನೀನು ಹೆದ್ರಬೇಡ," ಎಂದಳು ವೇದಕ್ಕ. ಆಮೇಲೆ ಸೆರಗು ಸರಿಮಾಡಿಕೊಂಡು, "ನನ್ನನ್ನೂ ಕರ್ದಿದ್ದಾರೆ. ಸುಮ್ಮನೆ ಲೆಕ್ಕಕ್ಕೆ," ಎಂದು ಒಳಗೆ ಹೋದಳು.

ಕಾಗದ ಬಂತು. ಬಂದದ್ದು ವೇದಕ್ಕನಿಗೆ.

ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದರು. ರಮಿತಾಳ ಕೈಯೂ ತಟ್ಟಿತು, ಮನಸ್ಸು ಎಲ್ಲೋ ಇತ್ತು. ಸಂಜೆ ಗಾಡಿಯಲ್ಲಿ ವೇದಕ್ಕ ಅವಳ ಕೈ ಹಿಡಿದುಕೊಂಡು, "ನನಗೆ ಎಂತಕ್ಕೆ ಇದು, ಹೇಳು? ನಾನೂ ಬೇಡ ಅಂತಲೇ ಹೇಳಿದೆ ಮಾರಾಯ್ತಿ. ಬಿಡ್ಲಿಲ್ಲ. ಒತ್ತಾಯ ಮಾಡಿ ಹೊರಿಸಿದ್ರು," ಎಂದಳು. ಕಣ್ಣಲ್ಲಿ ನೀರೂ ಇತ್ತು.

ಈ ರಮಿತಾ ಎಂಬ ಹೆಂಗಸಿಗೆ ಏನು ಹೇಳಬೇಕೋ ನನಗಂತೂ ತಿಳಿಯದು. ನಂಬಿದಳು! ನಂಬಿದ್ದಷ್ಟೇ ಅಲ್ಲ, ವೇದಕ್ಕ ಬೇಡ ಎಂದ ರೀತಿ ತನ್ನದಕ್ಕಿಂತ ಚೆನ್ನಾಗಿದ್ದಿರಬೇಕು, ಅದಕ್ಕೇ ಅವಳನ್ನು ಒತ್ತಾಯಿಸಿದರು, ತಾನು ಎಲ್ಲೋ ಗಡುಸಾಗಿ ಹೇಳಿಬಿಟ್ಟೆ ಎಂದು ನಾಲ್ಕು ದಿನ ತನ್ನನ್ನೇ ಬೈದುಕೊಂಡಳು. ಲತೇಶ್ ಊಟ ಮಾಡುವಾಗ "ಹೋಗಲಿ ಬಿಡು" ಎಂದ, ಆಮೇಲೆ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದ. ಅದನ್ನು ನೋಡಿ ಅವಳಿಗೆ ಅಡುಗೆಮನೆಯಲ್ಲಿ ಅಳು ತಡೆಯಲಾಗಲಿಲ್ಲ. ಆ ವಾರವೂ ಶನಿವಾರಕ್ಕೆ ವೇದಕ್ಕನಿಗೆಂದು ಬನ್ಸು ಮಾಡಿದಳು.

ಬನ್ಸು ತಂದ ಆ ಶನಿವಾರವೇ ಗುಪ್ತೆ ಸರ್ ಅವಳನ್ನು ತಮ್ಮ ಕೋಣೆಗೆ ಕರೆದರು. ಅವರು ಮಾತಾಡುವುದು ಹಿಂದಿಯಲ್ಲಿ, ನಡುನಡುವೆ ಮರಾಠಿ. ವೇದಾವತಿ ಮೇಡಂಗೆ ಕಾಗದಪತ್ರದ ಕೆಲವು ಕೆಲಸದಲ್ಲಿ ಕೈ ಅಷ್ಟು ಪಳಗಿಲ್ಲ, ಹಾಗಾಗಿ ರಮಿತಾ ಮಹಾಪೆಗೆ ಎರಡು ತಿಂಗಳ ಮಟ್ಟಿಗೆ ಬಂದು ಅವಳಿಗೆ ಕಲಿಸಿಕೊಟ್ಟರೆ ಕಂಪನಿಗೆ ಉಪಕಾರ ಎಂದರು. ವೇದಾವತಿ ಮೇಡಂ ತಾವೇ ನಿಮ್ಮ ಹೆಸರು ಹೇಳಿದ್ದಾರೆ ಎಂದೂ ಸೇರಿಸಿದರು.

"ಎರಡೇ ತಿಂಗಳಾ ಸರ್? ಆಮೇಲೆ?" ರಮಿತಾ ಹಿಂದಿಯಲ್ಲೇ ಕೇಳಿದಳು.

"ಆಮೇಲೇನಿದೆ? ಪರ್ಮನೆಂಟ್ ಜಾಗ ಇದ್ದದ್ದೇ ಒಂದು. ಅದನ್ನು ನೀವೇ ಬೇಡ ಅಂದಿರಿ."

"ನಾನು... ಸರ್, ಅದು ಸುಮ್ಮನೆ ಮರ್ಯಾದೆಗೆ ಹೇಳಿದ್ದು. ನೀವು ಇನ್ನೊಂದು ಸಲ ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ."

ಗುಪ್ತೆ ಸರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಅರೇ ರಮಿತಾ! ಬತ್ರಾ ಮೇಡಂ ಕೇಳಲಿಕ್ಕೇ ಹೊರಟಿದ್ದರು. ಅವರಿಗೆ ನೀವೇ ಇಷ್ಟವಾಗಿದ್ದಿರಿ. ತಡೆದವನು ನಾನು. ವೇದಾವತಿ ಮೇಡಂ ಹಿಂದಿನ ದಿನವೇ ಬಂದು ನನ್ನ ಹತ್ತಿರ ಹೇಳಿದ್ದರು. ರಮಿತಾ ಬೇಡ ಅನ್ನುತ್ತಾಳೆ, ಗಂಡನಿಗೆ ಅವಳು ದೂರ ಹೋಗುವುದು ಇಷ್ಟವಿಲ್ಲ, ಮನೆಯಲ್ಲಿ ದೊಡ್ಡ ಗಲಾಟೆ, ಅದನ್ನು ಬಾಯಿಬಿಟ್ಟು ಹೇಳಲಾರಳು. ದಯವಿಟ್ಟು ಒತ್ತಾಯ ಮಾಡಿ ಅವಳನ್ನು ಪೇಚಿಗೆ ಸಿಕ್ಕಿಸಬೇಡಿ, ಅಂತ."

ಲತೇಶ್! ರಮಿತಾಳಿಗೆ ಕೆಲಸ ತಡವಾದ ಸಂಜೆಗಳಲ್ಲಿ ಮಗಳನ್ನು ತಾನೇ ಶಾಲೆಯಿಂದ ಕರೆತಂದು, ಅವಳಿಗೆ ಇಂಟರ್‌ವ್ಯೂಗೆಂದು ಸೀರೆ ಇಸ್ತ್ರಿ ಮಾಡಿಕೊಟ್ಟ ಲತೇಶ್, ಹೆಂಡತಿಯೊಡನೆ ಗಲಾಟೆ ಮಾಡುವವನಾದ.

"ವೇದಕ್ಕನೂ ಬೇಡ ಅಂದರಂತಲ್ಲ ಸರ್?" ಎಂದು ಕೊನೆಗೆ ಕೇಳಿದಳು.

"ಅವರಾ? ಒಳಗೆ ಬಂದು ಕೂತ ಕೂಡಲೇ ಐ ಡೆಫಿನಿಟ್ಲಿ ವಾಂಟ್ ಟು ಲೀಡ್ ದಿಸ್ ಟೀಮ್ ಅಂದರು. ನಾನು ಸುದ್ದಿ ಹೇಳಿದ ದಿನವೇ, ಯಾರೂ ಕೇಳದಿದ್ದರೂ, ಅರ್ಜಿ ಕೂಡ ಬರೆದು ಕೊಟ್ಟಿದ್ದರು." ಗುಪ್ತೆ ಸರ್ ಪಾಪ, ಏನೋ ಎಡವಟ್ಟಾಗಿದೆ ಎಂದು ಆಗ ಅವರಿಗೂ ಹೊಳೆಯಿತು. ಆದರೆ ಕಾಗದಕ್ಕೆ ಸಹಿ ಬಿದ್ದು ವಾರವಾಗಿತ್ತು. ಅವರು ಗಂಟಲು ಸರಿಪಡಿಸಿಕೊಂಡು, ಹೆಡ್ ಆಫೀಸಿಗೆ ಬರೆಯಬೇಕಾದ್ದರಿಂದಲೋ ಏನೋ, ಇಂಗ್ಲಿಷಿಗೆ ಹೊರಳಿದರು. ಸೋ, ವುಡ್ ಯು ಲೈಕ್ ಟು ಕಮ್ ಫಾರ್ ಟು ಮಂತ್ಸ್?

ಎರಡು ತಿಂಗಳ ಸಂಬಳ ಕಡಿಮೆಯದ್ದಲ್ಲ. ಮನೆಯಲ್ಲಿ ಇದ್ದ ಪರಿಸ್ಥಿತಿಗೆ ಕೈಮುಗಿದು ಒಪ್ಪಿಕೊಳ್ಳಬೇಕಿತ್ತು. ಅದೆಲ್ಲ ರಮಿತಾಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಹೊಟ್ಟೆಯೊಳಗಿಂದ ಬೆಂಕಿ ಎದ್ದವಳಿಗೆ ಲೆಕ್ಕ ಹಾಕಲು ಬರುವುದಿಲ್ಲ.

"ನೋ ಸರ್," ಎಂದಳು. "ಐ ಡೋಂಟ್ ವಾಂಟ್ ಟು ಟೀಚ್ ಹರ್."

ಯಾರೂ ಕಲಿಸದೆ ಅವಳು ಆಡಿದ ಇಂಗ್ಲಿಷ್ ಅದು. ಗುಪ್ತೆ ಸರ್ ಸರಿ ಎಂದು ತಲೆಯಾಡಿಸಿದರು. ಇನ್ನೊಮ್ಮೆ ಕೇಳಲಿಲ್ಲ.

ಸಂಜೆ ಠಾಣೆಯಲ್ಲಿ ವೇದಕ್ಕ ಎಂದಿನಂತೆ ಮೊದಲೇ ಹತ್ತಿ, ಪಕ್ಕದಲ್ಲಿ ಪರ್ಸು ಇಟ್ಟು ರಮಿತಾಳಿಗೆ ಜಾಗ ಹಿಡಿದಿದ್ದಳು. "ಬಾ, ಬಾ, ಕೂತ್ಕೋ," ಎಂದು ಕರೆದಳು. ರಮಿತಾ ಕೂತಳು. ಬೇರೆ ಡಬ್ಬಕ್ಕೆ ಹೋಗಬಹುದಿತ್ತು. ಆದರೆ ಕೇಳದೆ ಮನೆಗೆ ಹೋದರೆ ರಾತ್ರಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಗುಪ್ತೆ ಸರ್ ಎಲ್ಲ ಹೇಳಿದ್ರು ವೇದಕ್ಕ."

ವೇದಕ್ಕ ಪರ್ಸನ್ನು ಮಡಿಲಿಗೆ ಎಳೆದುಕೊಂಡಳು. "ಎಂತ ಹೇಳಿದ್ರು?"

"ನೀವು ಅವರ ಹತ್ರ ಎಂತೆಂತ ಹೇಳಿದ್ರೋ, ಅದೆಲ್ಲ. ನನ್ನ ಗಂಡನ ಹೆಸರು ಯಾಕೆ ತೆಗ್ದಿರಿ? ಅವರು ನಿಮಗೆ ಎಂತ ಮಾಡಿದ್ರು? ನಿಮ್ಮನ್ನು ಕಂಡ್ರೆ ಎದ್ದು ನಿಲ್ತಾರೆ ಅವರು."

ವೇದಕ್ಕ ಸುತ್ತ ನೋಡಿದಳು. ಎದುರಿನ ಸೀಟಿನ ಮರಾಠಿ ಹೆಂಗಸರು ಬಟಾಣಿ ಸುಲಿಯುತ್ತ ಕೂತಿದ್ದರು; ಅವರಿಗೆ ಈ ಭಾಷೆ ತಿಳಿಯದು. "ಮೆಲ್ಲ ಮಾತಾಡು," ಎಂದಳು. "ನನ್ನ ಅವಸ್ಥೆ ನಿನಗೆಂತ ಗೊತ್ತು? ಖಾರ್ಘರ್‌ದು ದೀಪಾವಳಿಗೆ ಮೊದಲೇ ಬಿದ್ದುಹೋಯ್ತು. ಆ ಪುಂಡರೀಕಾಕ್ಷ, ಪಾಲುದಾರ, ಕೈ ಕೊಟ್ಟ. ಇಲ್ಲಿಯ ಪಾಲೂ ಹೋಯ್ತು. ನಮ್ಮವರು ಎರಡು ತಿಂಗಳಿಂದ ಮನೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದಾರೆ. ನಮ್ಮ ಹುಡುಗ ವಿಶ್ರುತನ ಕಾಲೇಜು ಇನ್ನೂ ಮುಗಿಲಿಲ್ಲ. ನನಗೆ ಐವತ್ತು ಹತ್ತಿರ ಬಂತು, ನನಗೆ ಹೊರಗೆ ಯಾರು ಕೆಲಸ ಕೊಡ್ತಾರೆ? ನಿನಗಾದ್ರೆ ಇನ್ನೂ ವಯಸ್ಸುಂಟು."

"ಹಾಗಂತ ನನಗೆ ಹೇಳಬಹುದಿತ್ತಲ್ಲ. ನಾನು ಮೊದಲನೇ ದಿವಸವೇ ಕೇಳಿದ್ದೆ ನಿಮ್ಮನ್ನು, ನೀವು ನಿಲ್ತೀರಾ ಅಂತ. ಹೌದು ಅಂದಿದ್ರೆ ನಾನೂ ನಿಲ್ತಿದ್ದೆ, ನೀವೂ ನಿಲ್ತಿದ್ರಿ, ಸಿಕ್ಕಿದವರಿಗೆ ಸಿಗ್ತಿತ್ತು. ಸೋತಿದ್ರೂ ನನಗೆ ಬೇಜಾರಿರ್ಲಿಲ್ಲ."

"ಸೋಲ್ತಿದ್ದದ್ದು ನೀನಲ್ಲ!" ವೇದಕ್ಕನ ಧ್ವನಿ ಏರಿಬಿಟ್ಟಿತು. ಬಟಾಣಿಯ ಹೆಂಗಸರು ತಲೆಯೆತ್ತಿದರು. ಹೇಳಬಾರದ್ದನ್ನು ಹೇಳಿಬಿಟ್ಟೆ ಎಂದು ಅವಳಿಗೇ ಗೊತ್ತಾಗಿ, ಅದನ್ನು ಮುಚ್ಚಲು ಸಿಟ್ಟು ತಂದುಕೊಂಡಳು. "ನೀನು ಮಾತಾಡ್ಲಿಕ್ಕೆ ಕಲಿತದ್ದು ಯಾರಿಂದ? ಫೋನು ಬಂದ್ರೆ ಓಡಿಹೋಗ್ತಿದ್ದವಳು ನೀನು. ನಾನು ಕಲಿಸಿದ್ದಕ್ಕೆ ನನ್ನ ಎದುರೇ ಕೂತು ನನ್ನ ಅನ್ನಕ್ಕೆ ಕೈ ಹಾಕ್ಲಿಕ್ಕೆ ಹೊರಟದ್ದಲ್ಲವಾ?"

ಎರಡು ವರ್ಷ ಕಿವಿಯಲ್ಲಿ ಮೆಲ್ಲಗೆ ತಿದ್ದಿದವಳು, ಜೊತೆಗೆ ಸೆರಗು ಕಚ್ಚಿಕೊಂಡು ನಕ್ಕವಳು ಇವಳೇ. ಆ ಪ್ರೀತಿ ಸುಳ್ಳಾಗಿತ್ತೆಂದು ಹೇಳಲೂ ರಮಿತಾಳಿಗೆ ಮನಸ್ಸು ಬರಲಿಲ್ಲ. ನಿಜವಾಗಿತ್ತು, ಅದಕ್ಕೇ ಇಷ್ಟು ಉರಿಯುತ್ತಿತ್ತು. ತನಗೆ ಎಲ್ಲಿ ಮುಟ್ಟಿದರೆ ಬಾಯಿ ಕಟ್ಟುತ್ತದೆ ಎಂದು ತಿಳಿದಿದ್ದವಳು ಈ ಊರಿನಲ್ಲಿ ವೇದಕ್ಕ ಒಬ್ಬಳೇ, ಅವಳು ಅಲ್ಲೇ ಮುಟ್ಟಿದ್ದಳು.

ವೇದಕ್ಕ ಸ್ವರ ತಗ್ಗಿಸಿ, ಬುದ್ಧಿ ಹೇಳುವವಳ ಹಾಗೆ ಶುರುಮಾಡಿದಳು. "ನೋಡು, ಹೇಳಿಕೊಟ್ಟದ್ದು ನಾನು, ಹೌದು. ಆದ್ರೆ ಒಳಗೆ ಹೋದವಳು ನೀನು. ನಿನ್ನ ಬಾಯಿಯನ್ನು ನಾನೇನು ಹೊಲಿದಿರ್ಲಿಲ್ಲ. ಅಷ್ಟು ಬೇಕಿದ್ರೆ ಬೇಕು ಅಂತ ಹೇಳ್ಬೇಕಿತ್ತು. ಬೇಕು ಅಂತ ಯಾರಿಗಾದ್ರೂ ಒಂದು ಮಾತು ಹೇಳಿದ್ಯಾ ನೀನು?"

"ಹೇಳಿದ್ದೆ," ಎಂದಳು ರಮಿತಾ.

"ಯಾರಿಗೆ?"

"ನಿಮಗೆ. ದಿನಾ ಹೇಳಿದ್ದೆ ವೇದಕ್ಕ. ಇದೇ ಗಾಡಿಯಲ್ಲಿ, ಕನ್ನಡದಲ್ಲಿ. ನಿಮಗೊಬ್ಬರಿಗೇ ಹೇಳಿದ್ದೆ."

ವೇದಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ಗಾಡಿ ಇನ್ನೂ ಮೊದಲ ಸ್ಟೇಷನ್ನು ಕಲ್ವಾ ಬಿಟ್ಟಿರಲಿಲ್ಲ.